ತೆರವಾದ ಸ್ಥಾನವೂ ಶೇಂಗಾ ಉಂಡಿಯೂ

ಅವಧಿಗೆ ಮೊದಲೇ ಕುರ್ಚಿಯೊಂದು ಬರಿದಾಯಿತೆಂದರೆ, ಅದನ್ನು ತುಂಬುವ ಗಡಿಬಿಡಿಯಲ್ಲಿ ನಗೆಗೆ ಎಡೆಗೊಡುವ ಸಂಗತಿಯೊಂದು ನಡೆಯದೆ ಹೋಗುವುದಿಲ್ಲ. ಮೂವತ್ತನಾಲ್ಕು ವರ್ಷ ಹಳಗನ್ನಡ ಗದ್ಯವನ್ನು ಪಾಠ ಹೇಳಿದ ಕಾಲೇಜಿನಲ್ಲಿ ಇಂಥವನ್ನು ಬೇಕಾದಷ್ಟು ಕಂಡಿದ್ದೆನು. ಮಗಳು ಅಳಿಯಂದಿರೊಡನೆ ಮಲಯ್ ನಾಡಿನ ಸುಬಾಂಗ್ ಜಯಾದಲ್ಲಿ ನೆಲೆಸಿದ ಮೇಲಾದರೂ ಇವು ನಿಂತಾವೆಂದು ಭಾವಿಸಿದ್ದೆನು. ನಿಲ್ಲಲಿಲ್ಲ. ಬಂದ ಮೊದಲ ವರ್ಷದಲ್ಲಿಯೇ, ಕೆಲವು ವಾರಗಳ ಅಂತರದಲ್ಲಿ, ಮೂರು ಕಡೆಯ ಚುನಾವಣೆಗಳು ನನ್ನ ಕಿವಿಗೆ ಬಿದ್ದುವು. ಒಂದು ಅಮೆರಿಕದ್ದು, ಒಂದು ನಮ್ಮ ಬಡಾವಣೆಗೆ ಸೇರಿದ ಶಾಸನಸಭಾ ಕ್ಷೇತ್ರದ್ದು, ಇನ್ನೊಂದು ಇಲ್ಲಿಯ ಕನ್ನಡ ಕೂಟದ್ದು.

ಈ ಮೂರರಲ್ಲಿ ಒಂದರಲ್ಲಿಯೂ ನನಗೆ ಮತವಿರಲಿಲ್ಲ. ಆದರೆ ಕಡೆಯದರ ಫಲಿತಾಂಶದ ಮೇಲೆ ನನ್ನದೆನ್ನಬಹುದಾದ ಒಂದು ಗಂಟೆ ನಿಂತಿದ್ದಿತು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರ ವರೆಗೆ ಕೂಟದ ಸಭಾಂಗಣದಲ್ಲಿ ಏಳು ಮಕ್ಕಳಿಗೆ ನಾನು ಹೇಳುತ್ತಿದ್ದ ಕನ್ನಡ ಪಾಠವೇ ಅದು.

ರಾಯರ ಸ್ಪರ್ಧೆ

ಕ್ಷೇತ್ರದ ಶಾಸಕರ ಸ್ಥಾನ ತೆರವಾಗಿ, ರಸ್ತೆಯುದ್ದಕ್ಕೂ ಭಿತ್ತಿಪತ್ರಗಳೂ ಬಾವುಟಗಳೂ ಎದ್ದ ಸಮಯ. ಮಲಯ್ ಭಾಷೆಯನ್ನು ಇಂಗ್ಲಿಷಿನ ಅಕ್ಷರಗಳಲ್ಲಿಯೇ ಬರೆಯುವುದರಿಂದ ಓದಲು ನನಗೆ ತೊಡಕಿರಲಿಲ್ಲ; ಅರ್ಥವಾಗುತ್ತಿರಲಿಲ್ಲ, ಅಷ್ಟೆ. ಬೆಳಗಿನ ನಡಿಗೆಯಲ್ಲಿ ಕೆಂಪು ಪತ್ರವೊಂದನ್ನು ಓದಿದೆನು: ‘ಪಿಲಿಹಾನ್ ರಾಯಾ ಕೆಚಿಲ್’. ಅಭ್ಯರ್ಥಿಯ ಹೆಸರೆಂದು ತಿಳಿದೆನು. ಮುಂದಿನ ಕಂಬದಲ್ಲಿ ನೀಲಿ ಬಣ್ಣದ, ಬೇರೊಂದು ಪಕ್ಷದ ಪತ್ರ. ಅದರಲ್ಲಿಯೂ ಪಿಲಿಹಾನ್ ರಾಯಾ. ಅದರಾಚೆಯ ಹಸಿರು ಪತ್ರದಲ್ಲಿಯೂ ಅವರೇ. ಭಾವಚಿತ್ರಗಳು ಮಾತ್ರ ಬೇರೆಬೇರೆಯಾಗಿದ್ದುವು. ಅವು ಬೆಂಬಲಿಗರವೆಂದು ಸಮಾಧಾನ ಮಾಡಿಕೊಂಡೆನು.

ಮನೆಗೆ ಬಂದು ತಿಂಡಿಗೆ ಕುಳಿತಾಗ ಅಳಿಯನೊಡನೆ ಹೇಳಿದೆನು: “ಈ ರಾಯರು ಸಾಮಾನ್ಯರಲ್ಲ. ಎಲ್ಲ ಪಕ್ಷಗಳೂ ಕೂಡಿ ಒಬ್ಬರನ್ನೇ ನಿಲ್ಲಿಸಿರುವುದನ್ನು ನಾನು ಇದುವರೆಗೆ ಎಲ್ಲಿಯೂ ಕಂಡಿಲ್ಲ. ರಾಯ ಎಂಬ ಬಿರುದನ್ನು ನೋಡಿದರೆ ವಿಜಯನಗರದ ಕಾಲದಲ್ಲಿ ಕಡಲು ದಾಟಿ ಬಂದ ಮನೆತನವಿರಬೇಕು.”

ಅಳಿಯ ಮಂಗಳೂರಿನವನು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಇಲ್ಲಿಗೆ ಬಂದು ಹನ್ನೆರಡು ವರ್ಷವಾದವನು. ದೋಸೆಯ ತುಂಡನ್ನು ತಟ್ಟೆಯಲ್ಲಿಟ್ಟು, ನಗೆಯನ್ನು ತಡೆದುಕೊಂಡು ನುಡಿದನು: “ಮಾವ, ಪಿಲಿಹಾನ್ ರಾಯಾ ಅಂದ್ರೆ ಚುನಾವಣೆ. ಕೆಚಿಲ್ ಅಂದ್ರೆ ಸಣ್ಣದು. ಉಪಚುನಾವಣೆ ಅಂತ ಬರ್ದಿದ್ದಾರೆ, ಅಷ್ಟೇ.”

ವಿಜಯನಗರದ ಆ ಮನೆತನ ಒಂದೇ ನಿಮಿಷದಲ್ಲಿ ಅಳಿಯಿತು. ನನ್ನ ಮುಖವನ್ನು ನೋಡಿ ಅವನಿಗೆ ಕನಿಕರ ಹುಟ್ಟಿರಬೇಕು.

“ಬೇಜಾರು ಮಾಡ್ಬೇಡಿ ಮಾವ. ನಾನು ಬಂದ ಹೊಸ್ತರಲ್ಲಿ ಇದಕ್ಕಿಂತ ಮುಂದೆ ಹೋಗಿದ್ದೆ. ನಮ್ಮ ತುಳುವಿನಲ್ಲಿ ಪಿಲಿ ಅಂದ್ರೆ ಹುಲಿ ಅಲ್ವಾ? ಹುಲಿ ಓಡಾಡ್ತಾ ಉಂಟು ಅಂತ ಎಚ್ಚರಿಕೆಯ ಬೋರ್ಡ್ ಹಾಕಿದ್ದಾರೆ ಅಂತ ತಿಳ್ಕೊಂಡು, ಎರಡು ದಿನ ಕೆಲಸಕ್ಕೇ ಹೋಗಿರ್ಲಿಲ್ಲ ನಾನು.”

ಗವರ್ನರರ ಗೆಲವು

ನಡಿಗೆ ಮುಗಿಸಿ ನಾನು ಚಹಕ್ಕೆ ಕುಳಿತುಕೊಳ್ಳುವುದು ರಸ್ತೆಯ ತಿರುವಿನ ಮಾಮಕ್ ಅಂಗಡಿಯಲ್ಲಿ. ತಮಿಳು ಮುಸಲ್ಮಾನರು ನಡೆಸುವ ಇಂಥ ತಿಂಡಿಯಂಗಡಿಗಳಿಗೆ ಇಲ್ಲಿ ಆ ಹೆಸರು. ಒಂದು ಬುಧವಾರ ಬೆಳಿಗ್ಗೆ ಪಕ್ಕದ ಮೇಜಿನಿಂದ “ಗೆದ್ರು, ಗೆದ್ರು!” ಎಂಬ ಕೂಗು ಕೇಳಿಬಂದಿತು. ನೋಡಿದರೆ ನಮ್ಮ ಕೂಟದ ಸದಸ್ಯರೊಬ್ಬರು, ಬೆಂಗಳೂರಿನ ಜಯನಗರದವರು, ಸಾಫ್ಟ್‌ವೇರ್ ತಂತ್ರಜ್ಞರು. ಅವರ ಹತ್ತು ವರ್ಷದ ಮಗಳು ನನ್ನ ಏಳು ಮಂದಿ ಶಿಷ್ಯರಲ್ಲೊಬ್ಬಳು.

“ಯಾರು ಗೆದ್ದರು?” ಎಂದು ಕೇಳಿದೆನು.

“ಗವರ್ನರ್ ಸಾರ್! ಅಮೆರಿಕಾದಲ್ಲಿ. ನಮ್ಮ ಕ್ಲೈಂಟ್ ಇರೋ ಸ್ಟೇಟು. ಆಫ್ ಇಯರ್ ಎಲೆಕ್ಷನ್.”

“ರಾಜ್ಯಪಾಲರನ್ನು ಪ್ರಜೆಗಳು ಮತ ಹಾಕಿ ಆರಿಸುವರೇ?”

“ಅಲ್ಲಿ ಗವರ್ನರ್ ಅಂದ್ರೆ ನಮ್ಮ ಚೀಫ್ ಮಿನಿಸ್ಟರ್ ಥರ ಸಾರ್. ಎಲ್ಲಾ ಪವರ್ ಅವರದೇ.”

ನನ್ನ ಮನಸ್ಸು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಾನು ಬಲ್ಲ ರಾಜ್ಯಪಾಲರೆಂದರೆ ಘಟಿಕೋತ್ಸವಕ್ಕೆ ನಿಲುವಂಗಿ ತೊಟ್ಟು ಬಂದು, ಪದವೀಧರರ ಸಾಲು ಮುಗಿಯುವ ತನಕ ತಾಳ್ಮೆಯಿಂದ ನಗುತ್ತ ನಿಲ್ಲುವವರು. ಅಂಥವರು ಬೀದಿಬೀದಿ ಸುತ್ತಿ ಮತ ಯಾಚಿಸುವುದನ್ನು ಊಹಿಸಿಕೊಳ್ಳುವುದೇ ಕಷ್ಟವಾಯಿತು.

“ಆಫ್ ಇಯರ್ ಎಂದರೇನು?”

“ಪ್ರೆಸಿಡೆಂಟ್ ಎಲೆಕ್ಷನ್ ಇಲ್ಲದ ವರ್ಷ ಸಾರ್. ಬಿಡುವಿನ ವರ್ಷ ಅನ್ಕೊಳ್ಳಿ. ಖಾಲಿ ಬಿದ್ದ ಸೀಟುಗಳಿಗೂ ಈಗಲೇ ನಡೆಸಿಬಿಡ್ತಾರೆ.”

ಅಂಗಡಿಯ ಯಜಮಾನರು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತರದಿಂದ ಚಹ ಸುರಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಲೋಟವನ್ನು ತಂದಿಡುತ್ತ ತಮ್ಮ ತಮಿಳಿನಲ್ಲಿ ತಂತ್ರಜ್ಞರನ್ನು ವಿಚಾರಿಸಿದರು: ಅಮೆರಿಕದಲ್ಲಿ ನಿಮಗೆ ಓಟುಂಟೇ?

“ಇಲ್ಲ.”

ಈ ಊರಿನಲ್ಲಿ?

“ಇಲ್ಲ, ನಾನು ವೀಸಾದಲ್ಲಿರೋದು.”

ಬೆಂಗಳೂರಿನಲ್ಲಿ?

“ಅಲ್ಲಿದೆ. ಆದ್ರೆ ಒಂಬತ್ತು ವರ್ಷದಿಂದ ಹಾಕೋಕಾಗಿಲ್ಲ.”

ಯಜಮಾನರು ಒಂದು ಕ್ಷಣ ಆಲೋಚಿಸಿ, ಇಷ್ಟು ಮತಗಳನ್ನು ಹಾಕದೆ ಉಳಿಸಿಕೊಂಡವರಿಗೆ ಇಷ್ಟು ದೊಡ್ಡ ದನಿ ಇರುವುದು ನ್ಯಾಯವೇ ಸರಿ ಎಂದು ತೀರ್ಪು ಕೊಟ್ಟು, ಮುಂದಿನ ಮೇಜಿಗೆ ಹೋದರು.

ಕಂಬಕಂಬದ ಉಂಡಿ

ಆ ವಾರವೇ ನಮ್ಮ ಮನೆಗೆ ಬಾಗಲಕೋಟೆಯ ಅಕ್ಕನವರು ಬಂದರು. ಅವರ ಯಜಮಾನರು ಬಂದರಿನಲ್ಲಿ ಇಂಜಿನಿಯರು, ಅಳಿಯನ ಸಹೋದ್ಯೋಗಿ. ಅವರ ಇಬ್ಬರು ಮಕ್ಕಳೂ ನನ್ನ ಪಾಠಕ್ಕೆ ಬರುವವರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಏಳೆಂಟು ವರ್ಷ ಹಿರಿಯರಷ್ಟೆ. ಕೂಟದವರೆಲ್ಲ ಅಕ್ಕ ಎಂದು ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

“ಸರ, ಒಂದ್ ಮಾತ್ ಕೇಳ್ತೀನಿ, ನಗಬ್ಯಾಡ್ರಿ,” ಎಂದು ಆರಂಭಿಸಿದರು. “ಹದಿನೈದ್ ದಿವಸ ಆತು, ಕಂಬಕಂಬಕ್ಕ ಉಂಡಿ ಉಂಡಿ ಅಂತ ಬರದಾರಲ್ರೀ. ಎಲ್ಲಿ ಕೊಡಾಕತ್ತಾರ?”

ದಕ್ಷಿಣದ ನಾವು ಉಂಡೆ ಎನ್ನುವುದನ್ನು ಉತ್ತರದವರು ಉಂಡಿ ಎನ್ನುವರು. ಭಿತ್ತಿಪತ್ರಗಳಲ್ಲಿ ಆ ಪದವನ್ನು ನಾನೂ ಕಂಡಿದ್ದೆನಾದರೂ, ರಾಯರ ಪ್ರಕರಣದ ಅನಂತರ ಅರ್ಥ ಹೇಳುವ ಧೈರ್ಯ ಉಳಿದಿರಲಿಲ್ಲ. “ಯಾವ ಬಗೆಯ ಉಂಡಿ, ತಾಯಿ?” ಎಂದು ಮಾತ್ರ ಕೇಳಿದೆನು.

“ಅದನ್ನ ಬರದಿಲ್ರೀ. ರವಾದ್ದೋ, ಶೇಂಗಾದ್ದೋ, ಬ್ಯಾಸನದ್ದೋ. ಮ್ಯಾಲೆ ಒಬ್ಬ ಗಂಡಸಿನ ಫೋಟೋ, ಕೆಳಗ ಉಂಡಿ. ದೊಡ್ಡ ಅಂಗಡಿಯಾಂವ ಇರಬೇಕು ಅನ್ಕೊಂಡೆ.”

ಅಳಿಯ ಒಳಗಿನಿಂದಲೇ ಕೂಗಿ ಹೇಳಿದನು: “ಅಕ್ಕ, ಮಲಯ್‌ನಲ್ಲಿ ಉಂಡಿ ಅಂದ್ರೆ ಓಟು! ಓಟು ಹಾಕಿ ಅಂತ ಕೇಳ್ತಾ ಇದ್ದಾರೆ.”

ಅಕ್ಕನವರು ನಿಟ್ಟುಸಿರಿಟ್ಟರು.

“ಅಂದ್ರ ಇವ್ರು ಉಂಡಿ ಕೊಡಾವ್ರಲ್ಲ, ಬೇಡಾವ್ರು! ನಾ ಸುಮ್ನ ಡಬ್ಬಿ ತೊಳದ್ ಇಟ್ಟಿದ್ನಲ್ರೀ.”

ನಾನು ಬರೆದ ಪ್ರಕಟಣೆ

ಇಷ್ಟರಲ್ಲಿ ನಮ್ಮ ಕೂಟದಲ್ಲಿಯೂ ಒಂದು ಸ್ಥಾನ ತೆರವಾಯಿತು. ಉಪಾಧ್ಯಕ್ಷರಾಗಿದ್ದ ವೈದ್ಯರಿಗೆ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತು, ಅವರು ಸಂಸಾರಸಮೇತರಾಗಿ ಅಲ್ಲಿಗೆ ಹೊರಟುಹೋದರು. ಕಾರ್ಯಕಾರಿ ಸಮಿತಿಯಲ್ಲಿ ಆರು ಮಂದಿ ಉಳಿದರು. ಆ ಆರು ಮಂದಿಯ ಮುಂದೆ ಆಗ ಇದ್ದದ್ದು ಒಂದೇ ವಿವಾದ. ಶನಿವಾರ ಹತ್ತು ಗಂಟೆಯ ಸಭಾಂಗಣವನ್ನು ಏಳು ಮಕ್ಕಳ ಕನ್ನಡ ಪಾಠಕ್ಕೆ ಬಿಡುವುದೋ, ಮೂವತ್ತು ಮಕ್ಕಳು ಹೆಸರು ಕೊಟ್ಟಿರುವ ಗಣಕಯಂತ್ರದ ತರಗತಿಗೆ ಕೊಡುವುದೋ? ಮೂವರು ಆ ಕಡೆ, ಮೂವರು ಈ ಕಡೆ. ತೆರವಾದ ಸ್ಥಾನಕ್ಕೆ ಬರುವವರು ಯಾವ ಕಡೆಗೆ ಸೇರುವರೋ ಆ ಕಡೆಗೆ ಗೆಲವು.

ತಂತ್ರಜ್ಞರು ಗಣಕಯಂತ್ರದ ಪರವಾಗಿ ನಿಂತರು. ಅಕ್ಕನವರು ಕನ್ನಡದ ಪರವಾಗಿ. ತಂತ್ರಜ್ಞರು ನನ್ನ ಬಳಿಗೇ ಬಂದು ವಿನಯದಿಂದ ಹೇಳಿದರು: “ತಪ್ಪು ತಿಳ್ಕೋಬೇಡಿ ಸಾರ್. ಎಂಟು ತಿಂಗಳಾಯ್ತು, ನನ್ನ ಮಗಳು ಇನ್ನೂ ಒಂದು ಪದ ಪೂರ್ತಿ ಓದಲ್ಲ. ನಿಮ್ಮ ಕ್ಲಾಸನ್ನ ಬೇಕಾದ್ರೆ ಆನ್‌ಲೈನ್ ಮಾಡಿಬಿಡೋಣ.” ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಹುಡುಗಿ ಬಿಡಿ ಅಕ್ಷರಗಳನ್ನೆಲ್ಲ ಬಲ್ಲವಳು. ಒತ್ತಕ್ಷರ ಬಂದೊಡನೆ, ಹಳ್ಳ ಕಂಡ ಕುದುರೆಯಂತೆ ನಿಂತುಬಿಡುವಳು.

ಮತವಿಲ್ಲದವನೆಂಬ ಕಾರಣದಿಂದ ಅಧ್ಯಕ್ಷರು ನನ್ನನ್ನು ಚುನಾವಣಾಧಿಕಾರಿಯನ್ನಾಗಿ ನೇಮಿಸಿದರು. ನಾನು ಬಹು ಎಚ್ಚರಿಕೆಯಿಂದ ಪ್ರಕಟಣೆಯೊಂದನ್ನು ರಚಿಸಿ ಕೂಟದ ವಾಟ್ಸ್ಆ್ಯಪ್ ಬಳಗಕ್ಕೆ ಕಳುಹಿಸಿದೆನು: ‘ನಮ್ಮ ಪೂಜ್ಯ ಉಪಾಧ್ಯಕ್ಷರು ನಮ್ಮೆಲ್ಲರನ್ನು ಅಗಲಿ ತೆರಳಿದುದರಿಂದುಂಟಾದ ಶೂನ್ಯವನ್ನು ತುಂಬುವುದು ದುಸ್ಸಾಧ್ಯವಾದರೂ, ಕರ್ತವ್ಯದೃಷ್ಟಿಯಿಂದ ಅವರ ಸ್ಥಾನಕ್ಕೆ ಉಪಚುನಾವಣೆಯನ್ನು ನಡೆಸುವುದು ಅನಿವಾರ್ಯವಾಗಿದೆ.’

ಐದು ನಿಮಿಷ ಕಳೆಯುವಷ್ಟರಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದುವು. ‘ಓಂ ಶಾಂತಿ.’ ‘ನಂಬಲಾಗುತ್ತಿಲ್ಲ, ಹೋದ ವಾರ ತಾನೇ ಮಾತಾಡಿಸಿದ್ದೆ.’ ‘ಕುಟುಂಬಕ್ಕೆ ಆ ಭಗವಂತ ಶಕ್ತಿ ಕೊಡಲಿ.’ ಯಾರೋ ವೈದ್ಯರ ಭಾವಚಿತ್ರದ ಪಕ್ಕದಲ್ಲಿ ದೀಪವೊಂದನ್ನು ಹಚ್ಚಿಟ್ಟರು. ತಂತ್ರಜ್ಞರೂ ಕೈಮುಗಿದಿದ್ದರು. ಆಮೇಲೆ ಕೇಳಿದಾಗ ಸಂಕೋಚದಿಂದ ಒಪ್ಪಿಕೊಂಡರು: “ನನಗೆ ಕನ್ನಡ ಓದೋಕೆ ಬರಲ್ಲ ಸಾರ್. ಸ್ಕೂಲಲ್ಲಿ ಮಾರ್ಕ್ಸ್ ಬರತ್ತೆ ಅಂತ ಸಂಸ್ಕೃತ ತಗೊಂಡಿದ್ದೆ. ಎಲ್ಲರೂ ಕೈಮುಗಿದಿದ್ರು, ನಾನೂ ಮುಗಿದೆ.”

ಅರ್ಧ ಗಂಟೆಯಲ್ಲಿ ಮೆಲಾಕಾದಿಂದ ಸ್ವತಃ ದಿವಂಗತರೇ ಫೋನ್ ಮಾಡಿದರು.

“ಸಾರ್, ನನ್ನ ಹೆಂಡತಿಗೆ ಆರು ಜನ ಫೋನ್ ಮಾಡಿ ಸಮಾಧಾನ ಹೇಳಿದಾರೆ. ಏಳನೆಯವರ ಫೋನನ್ನ ನಾನೇ ಎತ್ತಿದೆ. ಅವರು ಕಿರುಚಿ ಇಟ್ಟುಬಿಟ್ಟರು. ನಾನು ಬದುಕಿದೀನಿ ಅಂತ ಇನ್ನೊಂದು ಪ್ರಕಟಣೆ ಹಾಕಿಸಿ. ಆದ್ರೆ ಕೈಮುಗಿದು ಕೇಳ್ಕೊಳ್ತೀನಿ, ಅದನ್ನ ನೀವು ಬರೀಬೇಡಿ.”

ಉಪ ಎಂದರೇನು

ಮತದಾನಕ್ಕೆ ಮುಂಚಿನ ಶನಿವಾರ. ಬಹುಶಃ ಇದೇ ಕಡೆಯ ಪಾಠವೆಂದು ಮನಸ್ಸಿನಲ್ಲಿ ಅಂದುಕೊಂಡೇ ತರಗತಿಗೆ ಹೋಗಿದ್ದೆನು. ಎಲ್ಲರ ಬಾಯಲ್ಲಿಯೂ ಉಪಚುನಾವಣೆಯ ಮಾತೇ ಇದ್ದುದರಿಂದ ಉಪ ಎಂಬ ಉಪಸರ್ಗವನ್ನೇ ಪಾಠಕ್ಕೆ ಎತ್ತಿಕೊಂಡೆನು. ಈ ಮಕ್ಕಳು ಕನ್ನಡವನ್ನು ಕೇಳಿ ತಿಳಿಯಬಲ್ಲರು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಉಪಚುನಾವಣೆ ಎಂದರೆ ಕಿರಿಯ ಚುನಾವಣೆ,” ಎಂದೆನು.

“ಪಿಲಿಹಾನ್ ರಾಯಾ ಕೆಚಿಲ್!” ಎಂದಳು ತಂತ್ರಜ್ಞರ ಮಗಳು. “ಸೋ, ಉಪ ಈಸ್ ಕೆಚಿಲ್.”

“ಸರಿ. ಹಾಗಾದರೆ ಉಪಾಹಾರವೆಂದರೆ?”

“ಮಕಾನ್ ಕೆಚಿಲ್. ಸ್ಮಾಲ್ ಊಟ.”

ನನಗೆ ಬಹಳ ಸಂತೋಷವಾಯಿತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ವ್ಯಾಕರಣ ಈ ಕಡಲತೀರವನ್ನು ಮುಟ್ಟಿತೆಂದು ಹಿಗ್ಗಿದೆನು. ಅಷ್ಟರಲ್ಲಿ ಅವಳೇ ಕೇಳಿದಳು: “ದೆನ್ ವಾಟ್ ಈಸ್ ಉಪವಾಸ, ತಾತ? ಸ್ಮಾಲ್ ವಾಟ್?”

ಇಲ್ಲಿ ಉಪ ಎಂಬುದಕ್ಕೆ ಸಮೀಪವೆಂಬ ಅರ್ಥ. ಉಪವಾಸವೆಂದರೆ ಆಹಾರವನ್ನು ತೊರೆದು ದೇವರ ಸಮೀಪದಲ್ಲಿರುವುದು. ಆದಕಾರಣ ಉಪಾಹಾರಕ್ಕೂ ಉಪವಾಸಕ್ಕೂ ಯಾವ ಸಂಬಂಧವೂ ಇಲ್ಲವೆಂದು ನಾನು ಸಾವಧಾನವಾಗಿ ವಿವರಿಸಿದೆನು. ಅವಳು ಕೊನೆಯ ತನಕ ಕೇಳಿ, ಒಪ್ಪದೆ ತಲೆಯಾಡಿಸಿ, ಇಲ್ಲಿಯವರು ಮಾತುಮಾತಿಗೆ ಸೇರಿಸುವ ‘ಲಾ’ದೊಡನೆ ನುಡಿದಳು.

“ನೋ ಲಾ, ತಾತ. ಅಮ್ಮ ಡಸ್ ಉಪವಾಸ ಎವ್ರಿ ಸ್ಯಾಟರ್ಡೇ. ಶೀ ಈಟ್ಸ್ ಉಪ್ಪಿಟ್ಟು, ಬನಾನಾ, ಅವಲಕ್ಕಿ ಆ್ಯಂಡ್ ಕಾಫಿ. ಉಪವಾಸ ಈಸ್ ಬಿಗ್ಗರ್ ದ್ಯಾನ್ ಉಪಾಹಾರ.”

ಮತದಾನದ ದಿನ

ಕ್ಷೇತ್ರದ ಮತದಾನವೂ ನಮ್ಮ ಕೂಟದ ಮತದಾನವೂ ಒಂದೇ ಶನಿವಾರಕ್ಕೆ ಬಿದ್ದುವು. ಅವರದು ಪಕ್ಕದ ರಸ್ತೆಯ ಶಾಲೆಯಲ್ಲಿ. ನಮ್ಮದು ಸಭಾಂಗಣದಲ್ಲಿ, ನನ್ನ ಪಾಠದ ವೇಳೆಯಲ್ಲಿಯೇ.

ಸದಸ್ಯರಲ್ಲಿ ಅನೇಕರಿಗೆ ಕನ್ನಡ ಓದಲು ಬಾರದೆಂಬುದು ಪ್ರಕಟಣೆಯ ಪ್ರಕರಣದಲ್ಲಿ ತಿಳಿದಿತ್ತಷ್ಟೆ. ಆದುದರಿಂದ ಅಭ್ಯರ್ಥಿಗಳಿಗೆ ಚಿಹ್ನೆಗಳನ್ನು ಕೊಟ್ಟೆನು. ತಂತ್ರಜ್ಞರು ಲ್ಯಾಪ್‌ಟಾಪನ್ನು ಕೇಳಿದರು. ಅಕ್ಕನವರು, ಕಂಬಗಳ ಮೇಲಿನ ಸೇಡು ಇನ್ನೂ ತೀರದ್ದರಿಂದ, ಉಂಡಿಯನ್ನೇ ಆರಿಸಿಕೊಂಡರು. ಸಭಾಂಗಣದ ಬಾಗಿಲಿಗೆ ಶೇಂಗಾ ಉಂಡಿಯ ದೊಡ್ಡ ಚಿತ್ರವನ್ನು ಅಂಟಿಸಿ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ಉಂಡಿ ಎಂದು ಬರೆಸಿದರು. ಸಾಲದೆಂದು ಒಂದು ಡಬ್ಬಿ ತುಂಬ ಶೇಂಗಾ ಉಂಡಿಯನ್ನೂ ತಂದಿದ್ದರು. ಮತದಾನ ಮುಗಿಯುವ ತನಕ ಮುಚ್ಚಳ ತೆರೆಯಕೂಡದೆಂದು ನಾನು ಆಜ್ಞೆ ಮಾಡಿದೆನು.

ಹನ್ನೊಂದಕ್ಕೆ ಎಣಿಕೆಯಾಯಿತು. ಉಂಡಿಗೆ ಹತ್ತೊಂಬತ್ತು, ಲ್ಯಾಪ್‌ಟಾಪಿಗೆ ಹತ್ತೊಂಬತ್ತು. ಮೂರು ಸಲ ಎಣಿಸಿದರೂ ಅಷ್ಟೆ.

“ಸಾರ್, ಕಾಸ್ಟಿಂಗ್ ವೋಟ್ ನೀವೇ ಹಾಕಿಬಿಡಿ,” ಎಂದರು ಅಧ್ಯಕ್ಷರು.

ಮೂವತ್ತೆಂಟು ಮುಖಗಳು ನನ್ನ ಕಡೆಗೆ ತಿರುಗಿದುವು. ಹಾಕಿದ್ದರೆ ಯಾರಿಗೆ ಹಾಕುತ್ತಿದ್ದೆನೆಂಬುದನ್ನು ಬರೆಯಬೇಕಾಗಿಲ್ಲ. ನನ್ನ ಪಾಠವನ್ನು ನನ್ನ ಮತದಿಂದಲೇ ಉಳಿಸಿಕೊಂಡೆನೆಂಬ ಮಾತು ಬಂದರೆ, ಮುಂದಿನ ಶನಿವಾರ ಆ ಕರಿಹಲಗೆಯ ಮುಂದೆ ನಿಲ್ಲುವುದು ಹೇಗೆ? “ಚೀಟಿ ಎತ್ತೋಣ,” ಎಂದೆನು. ಹಾಗೆಂದ ಮರುಗಳಿಗೆಯೇ ಒಳಗೊಳಗೇ ಪಶ್ಚಾತ್ತಾಪವೂ ಆಯಿತು.

ಎರಡು ಚೀಟಿಗಳಲ್ಲಿ ನಾನೇ ಚಿಹ್ನೆಗಳ ಹೆಸರನ್ನು ಬರೆದೆನು. ಒಂದರಲ್ಲಿ ಉಂಡಿ. ಇನ್ನೊಂದರಲ್ಲಿ, ಲ್ಯಾಪ್‌ಟಾಪ್ ಎಂದು ಬರೆಯಲು ಕೈ ಬಾರದೆ, ಗಣಕಯಂತ್ರವೆಂದು ಬರೆದೆನು. ಎರಡನ್ನೂ ಮಡಿಸಿ ಮಡಿಸಿ ಕಡಲೆಕಾಳಿನ ಗಾತ್ರಕ್ಕೆ ತಂದೆನು. ಹಾಕುವುದಕ್ಕೆ ಪಾತ್ರೆಯಿರಲಿಲ್ಲ. ಆಗ ಅಳಿಯ ತನ್ನ ಭಾಷಾಜ್ಞಾನವನ್ನು ಮೆರೆದನು: “ಮಾವ, ಮಲಯ್‌ನಲ್ಲಿ ಚೀಟಿ ಎತ್ತುವುದಕ್ಕೂ ಉಂಡಿ ಅಂತಲೇ ಹೇಳುವುದು.”

“ಹಾಗಿದ್ರೆ ಉಂಡಿ ಒಳಗೇ ಇಟ್ಟುಬಿಡಿ ಅಕ್ಕ,” ಎಂದು ತಂತ್ರಜ್ಞರು ನಕ್ಕರು. “ಇದಕ್ಕಿಂತ ಸೀಕ್ರೆಟ್ ಬ್ಯಾಲೆಟ್ ಬೇಕಾ?”

ಅಕ್ಕನವರು ಎರಡು ಉಂಡಿಗಳನ್ನು ಮುರಿದು, ನಾನು ಕೊಟ್ಟ ಚೀಟಿಗಳನ್ನು ಒಳಗಿಟ್ಟು, ಮತ್ತೆ ಉಂಡೆ ಕಟ್ಟಿದರು. ಅವರನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಅಳಿಯ ತಟ್ಟೆಯನ್ನು ಗರಗರನೆ ತಿರುಗಿಸಿದನು. ಈಗ ಯಾವುದರಲ್ಲಿ ಯಾವುದಿದೆಯೆಂಬುದು ಯಾರಿಗೂ ತಿಳಿಯದು. ಆದರೆ ಎತ್ತುವವರು ಯಾರು? ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಪಕ್ಷಕ್ಕೆ ಸೇರಿದವರೇ.

ಆ ವೇಳೆಗೆ ಬಾಗಿಲಲ್ಲಿ ವೃದ್ಧೆಯೊಬ್ಬರು ಕಾಣಿಸಿಕೊಂಡರು. ಎದುರು ಸಾಲಿನ ಮನೆಯ ಚೀನೀ ಮಹಿಳೆ. ಕೈಯಲ್ಲಿ ಗುರುತಿನ ಚೀಟಿ, ತಲೆಗೆ ಟೊಪ್ಪಿ. ಬಾಗಿಲಿನ ಬರಹವನ್ನು ಒಮ್ಮೆ, ಒಳಗಿನ ಮತಪೆಟ್ಟಿಗೆಯನ್ನು ಒಮ್ಮೆ ನೋಡಿ ಕೇಳಿದರು: “ಉಂಡಿ? ಸಿನಿ?”

ಸಿನಿ ಎಂದರೆ ಇಲ್ಲಿ. ಮತದಾನ ಇಲ್ಲಿಯೇ ಏನು ಎಂಬುದು ಅವರ ಪ್ರಶ್ನೆ. ನಮ್ಮ ಅಕ್ಕನವರಿಗೆ ಮಾತ್ರ, ಈ ದೇಶದಲ್ಲಿ ಕಡೆಗೂ ಒಬ್ಬರು ಉಂಡಿಯನ್ನು ಉಂಡಿಯೆಂದೇ ಕೇಳಿದರೆಂಬ ಸಂಭ್ರಮ.

“ಹೂಂ, ಉಂಡಿ, ಉಂಡಿ! ಬರ್ರಿ, ಒಳಗ ಬರ್ರಿ!”

“ಇವರೇ ಸರಿ,” ಎಂದರು ಅಧ್ಯಕ್ಷರು. “ಯಾರ ಕಡೆಯವರೂ ಅಲ್ಲ.” ಅಳಿಯ ತಟ್ಟೆಯನ್ನು ಮುಂದೊಡ್ಡಿ, ಒಂದನ್ನು ಆರಿಸಿ ಎಂದು ಮಲಯ್ ಭಾಷೆಯಲ್ಲಿ ವಿನಂತಿಸಿದನು. ವೃದ್ಧೆ ಎರಡನ್ನೂ ಪರೀಕ್ಷಿಸಿ ನೋಡಿದರು. ಈ ಸಲದ ಮತದಾನದಲ್ಲಿ ಸತ್ಕಾರ ಚೆನ್ನಾಗಿದೆಯೆಂದು ಭಾವಿಸಿದರೋ ಏನೋ, ಎಡಗಡೆಯದನ್ನು ಎತ್ತಿಕೊಂಡರು. ನಾನು ಚೀಟಿಗೆಂದು ಕೈ ನೀಡಿದೆನು. ಅವರು ನನ್ನ ಕೈಯನ್ನು ಸೌಜನ್ಯದಿಂದ ಕುಲುಕಿ, ಉಂಡಿಯನ್ನು ಬಾಯಿಗೆ ಹಾಕಿಕೊಂಡರು.

“ಆಂಟಿ, ನೋ! ಪೇಪರ್! ಪೇಪರ್!” ಎಂದು ಮೂವತ್ತೆಂಟು ಮಂದಿಯೂ ಏಕಕಂಠದಿಂದ ಕೂಗಿದರು. ಕೂಟದಲ್ಲಿ ಒಮ್ಮತವೆಂಬುದನ್ನು ನಾನು ಕಂಡದ್ದು ಅದೊಂದೇ ಸಲ.

ಆಕೆ ನೆಮ್ಮದಿಯಾಗಿ ಅಗಿದು ಮುಗಿಸಿದರು. “ಸೆಡಾಪ್!” ಎಂದರು, ರುಚಿಯಾಗಿದೆ ಎಂದರ್ಥ. “ಬಟ್ ಇನ್‌ಸೈಡ್ ಗಾಟ್ ಸಮ್‌ಥಿಂಗ್ ಟಫ್ ಲಾ. ನೆವರ್ ಮೈಂಡ್. ಸ್ವಾಲೋ ಆಲ್ರೆಡಿ.”

ಗೆದ್ದವರ ಚೀಟಿ ಹೊಟ್ಟೆ ಸೇರಿತು. ಉಳಿದಿರುವುದು ಸೋತವರದು. ನಾನು ತಟ್ಟೆಯಲ್ಲಿದ್ದ ಉಂಡಿಯನ್ನು ಮುರಿದು, ಚೀಟಿಯನ್ನು ಬಿಡಿಸಿ ನೋಡಿದೆನು. ನೋಡಿ, ಮುಖದಲ್ಲಿ ಏನನ್ನೂ ತೋರಗೊಡದೆ, ಎಲ್ಲರೆದುರು ಓದಲೆಂದು ತಂತ್ರಜ್ಞರ ಕೈಗೆ ಕೊಟ್ಟೆನು. ಆಕ್ಷೇಪಣೆಗೆ ಎಡೆಯಿರಬಾರದೆಂಬುದು ನನ್ನ ಉದ್ದೇಶ. ಅವರಿಗೆ ಓದು ಬಾರದೆಂಬುದು ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತು.

ಅವರು ಚೀಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿ, ಪಕ್ಕದಲ್ಲಿದ್ದ ಮಗಳ ಕೈಗೆ ದಾಟಿಸಿದರು. “ನೀನೇ ಓದು ಪುಟ್ಟಿ.”

“ಗ,” ಎಂದಳು ಅವಳು. “ಣ. ಕ.” ಅಕ್ಕನವರು ಕಣ್ಣುಮುಚ್ಚಿಕೊಂಡರು. “ಯಂ.” ಅಲ್ಲಿ ನಿಂತಳು. ಮುಂದಿನದು ಒತ್ತಕ್ಷರ. ಉತ್ತರ ನನ್ನ ನಾಲಿಗೆಯ ತುದಿಯ ವರೆಗೆ ಬಂದಿತ್ತು. ಚುನಾವಣಾಧಿಕಾರಿಯೆಂಬ ನೆನಪಾಗಿ ನುಂಗಿಕೊಂಡೆನು. ಅವಳು ಹುಬ್ಬು ಗಂಟಿಕ್ಕಿ, ಬೆರಳಿನಿಂದ ತಕಾರವನ್ನು ತಿದ್ದಿ, ಅದರ ಕೆಳಗಿನ ಕೊಂಡಿಯನ್ನು ತಿದ್ದಿ, ಒಮ್ಮೆಲೇ ಕೂಗಿದಳು: “ತ್ರ! ಗಣಕಯಂತ್ರ! ವಾಟ್ ಈಸ್ ದಟ್, ತಾತ?”

“ಅದು ನಿಮ್ಮಪ್ಪ,” ಎಂದೆನು.

“ಅಂದ್ರೆ ನಾನು ಸೋತೆನಾ ಸಾರ್?” ಎಂದು ತಂತ್ರಜ್ಞರು ಕೇಳಿದರು. ಕೇಳಿದವರು ಉತ್ತರಕ್ಕೆ ಕಾಯಲೇ ಇಲ್ಲ, ಹೆಂಡತಿಯ ಕಡೆಗೆ ತಿರುಗಿ, “ಲೇ, ಕೇಳಿದ್ಯಾ? ಪೂರ್ತಿ ಓದಿದ್ಲು ಕಣೇ, ಒತ್ತು ಸಮೇತ!” ಎಂದು ಅಮೆರಿಕದ ಗವರ್ನರ್ ಗೆದ್ದ ದಿನಕ್ಕಿಂತ ಜೋರಾಗಿ ಕೂಗಿದರು.

ಇಷ್ಟೆಲ್ಲ ನಡೆಯುತ್ತಿರುವಾಗ ವೃದ್ಧೆ ಎಡಗೈಯ ತೋರುಬೆರಳನ್ನು ನನ್ನ ಮುಂದೆ ನೀಡಿಕೊಂಡೇ ನಿಂತಿದ್ದರು. “ಇಂಕ್?” ಎಂದರು. ಮತ ಹಾಕಿದವರ ಬೆರಳಿಗೆ ಇಲ್ಲಿಯೂ ಶಾಯಿಯ ಗುರುತು ಹಚ್ಚುವರು. ಆ ಬೆರಳಿನಲ್ಲಿ ಆಗ ಇದ್ದದ್ದು ಬೆಲ್ಲ. ಅಳಿಯ ಸಂಗತಿಯನ್ನು ವಿವರಿಸಿದಾಗ ಆಕೆಯ ಮುಖ ಗಾಬರಿಯಿಂದ ಸಣ್ಣದಾಯಿತು. ಇದುವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲವಂತೆ. ಸೋತ ಅಭ್ಯರ್ಥಿಯೇ ಕಾರಿನ ಬೀಗದ ಕೈ ತೆಗೆದುಕೊಂಡು, “ಕಮ್ ಆಂಟಿ, ಐ ಸೆಂಡ್ ಯೂ,” ಎಂದು ಶಾಲೆಯ ಮತಗಟ್ಟೆಗೆ ಕರೆದೊಯ್ದರು. ಅಕ್ಕನವರು ದಾರಿಗೆಂದು ಇನ್ನೆರಡು ಉಂಡಿಗಳನ್ನು ಕಟ್ಟಿಕೊಟ್ಟರು; ಅವುಗಳಲ್ಲಿ ಕಾಗದವಿಲ್ಲವೆಂದು ಮೂರು ಸಲ ಆಣೆ ಮಾಡಿ ಹೇಳಿದರು.

ಮುಂದಿನ ಶನಿವಾರ ಹತ್ತು ಗಂಟೆಗೆ ನನ್ನ ತರಗತಿಯಲ್ಲಿ ಎಂಟು ಮಂದಿ ಇದ್ದರು. ಎಂಟನೆಯವರು ತಂತ್ರಜ್ಞರು, ಮಗಳ ಪಕ್ಕದಲ್ಲಿ. ಎರಡು ತಿಂಗಳಲ್ಲಿ ಅವರು ಕಾಗುಣಿತವನ್ನು ಮುಗಿಸಿದರು. ಕೂಟದ ನಡಾವಳಿಯನ್ನು ಗಣಕಯಂತ್ರಕ್ಕೆ ಏರಿಸುವ ಹೊಣೆಯನ್ನು, ಅಭ್ಯಾಸವಾಗಲೆಂದು, ಅವರಿಗೇ ವಹಿಸಿದೆನು. ಆ ಚುನಾವಣೆಯ ಫಲಿತಾಂಶವನ್ನು ನಾನು ಒಂದೇ ವಾಕ್ಯದಲ್ಲಿ ಅಡಕಗೊಳಿಸಿದ್ದೆನು: ‘ಉಂಡಿ ಹಾಕಲೆಂದು ಬಂದ ಮಹಿಳೆಯು ಉಂಡಿಯೊಳಗಿನ ಉಂಡಿಯನ್ನು ಉಂಡಿಸಹಿತವಾಗಿ ಉಂಡುದರಿಂದ, ಉಂಡಿಯು ಗೆದ್ದಿತೆಂದು ಸಾರಲಾಯಿತು.’

ಅವರು ಅದನ್ನು ಬೆರಳಚ್ಚು ಮಾಡಿ, ಪರದೆಯ ಮೇಲೆ ಬೆರಳಿಟ್ಟು, ತುಟಿಯಲ್ಲಿಯೇ ಅಕ್ಷರ ಕೂಡಿಸುತ್ತ, ಬಹಳ ಹೊತ್ತು ಓದಿದರು. ಆಮೇಲೆ ಮಗಳೊಡನೆ ಪಿಸುಮಾತಿನಲ್ಲಿ ಸಮಾಲೋಚನೆ ನಡೆಸಿ, ಕೈ ಎತ್ತಿದರು.

“ಸಾರ್, ಇಲ್ಲಿ ಒಂದೇ ಪದ ತಪ್ಪಾಗಿ ಐದು ಸಲ ಟೈಪ್ ಆಗಿದೆ. ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನ ಡಿಲೀಟ್ ಮಾಡಿಬಿಡ್ಲಾ?”